ಅಮೃತಶಿಲೆಯ ಚಿತ್ರಕಾರ ಸರ್ ಲಾರೆನ್ಸ್ ಆಲ್ಮಾ-ಟಾಡೆಮಾ

ಪ್ರಾಚೀನ ರೋಮ್ ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣ ಮುಂದೆ ಒಂದೇ ಬಗೆಯ ನೋಟ ತೆರೆದುಕೊಳ್ಳುತ್ತದೆ. ಬಿಸಿಲಿಗೆ ಹೊಳೆಯುವ ಅಮೃತಶಿಲೆಯ ಮೆಟ್ಟಿಲುಗಳು, ಅವುಗಳಾಚೆ ಕಡುನೀಲಿ ಸಮುದ್ರ, ಸಡಿಲ ಉಡುಗೆ ತೊಟ್ಟು ಕಟ್ಟೆಗೊರಗಿ ನಿಂತ ಹೆಂಗಳೆಯರು, ತಲೆಗೆ ಎಲೆಗಳ ಮಾಲೆ ಧರಿಸಿದ ಗಂಡಸರು. ಇಟಲಿಯ ನೆಲವನ್ನು ಮೆಟ್ಟದವರಿಗೂ ಈ ನೋಟ ಚಿರಪರಿಚಿತ. ಇದು ನಮಗೆ ಬಂದದ್ದು ಎಲ್ಲಿಂದ ಎಂದು ಹುಡುಕುತ್ತ ಹೋದರೆ ಮೊದಲು ಹಾಲಿವುಡ್ಡಿನ ಚಲನಚಿತ್ರಗಳು ಸಿಗುತ್ತವೆ. ಅವುಗಳ ಹಿಂದೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿದ್ದ ಒಬ್ಬ ಚಿತ್ರಕಾರರು ಸಿಗುತ್ತಾರೆ. ಅವರು ರೋಮನ್ನರಲ್ಲ, ಹುಟ್ಟಿನಿಂದ ಆಂಗ್ಲರೂ ಅಲ್ಲ. ಹಾಲೆಂಡಿನ ಒಂದು ಹಳ್ಳಿಯ ನೋಟರಿಯ ಮಗ ಅವರು.

ಪದವಿ ತರಗತಿಯಲ್ಲಿ ಯೂರೋಪಿನ ಇತಿಹಾಸವನ್ನು ಓದುವಾಗ ನಾವು ಸಾಮ್ರಾಟರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಉರುಹೊಡೆದವರು. ಆ ಸಾಮ್ರಾಟರ ಪ್ರಜೆಗಳು ಎಲ್ಲಿ ಸ್ನಾನ ಮಾಡುತ್ತಿದ್ದರು, ಸಂಜೆ ಯಾವ ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದರು, ಹಬ್ಬಕ್ಕೆ ಮಕ್ಕಳ ಕೈಗೆ ಯಾವ ಹೂವನ್ನು ಕೊಡುತ್ತಿದ್ದರು ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಸರ್ ಲಾರೆನ್ಸ್ ಆಲ್ಮಾ-ಟಾಡೆಮಾ ತಮ್ಮ ಬದುಕಿನುದ್ದಕ್ಕೂ ಕೇಳಿಕೊಂಡದ್ದು ಈ ಬಗೆಯ ಪ್ರಶ್ನೆಗಳನ್ನೇ. ಅವರ ಜೀವನವನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅವರು ಹುಟ್ಟಿದ್ದು 1836ರ ಜನವರಿ 8ರಂದು, ಹಾಲೆಂಡಿನ ಉತ್ತರಕ್ಕಿರುವ ಫ್ರೀಸ್‌ಲ್ಯಾಂಡ್ ಪ್ರಾಂತದ ಡ್ರೋನ್‌ರಿಪ್ ಎಂಬ ಹಳ್ಳಿಯಲ್ಲಿ. ಹುಟ್ಟುಹೆಸರು ಲೌರೆನ್ಸ್ ಆಲ್ಮಾ ಟಾಡೆಮಾ. ತಂದೆ ಪೀಟರ್ ಟಾಡೆಮಾ ಅವರಿಗೆ ಮೊದಲ ಮದುವೆಯಿಂದ ಮೂವರು ಗಂಡುಮಕ್ಕಳಿದ್ದರು. ಎರಡನೆಯ ಹೆಂಡತಿ ಹಿಂಕೆಯ ಮಗ ಈ ಲೌರೆನ್ಸ್. ಎರಡು ವರ್ಷದ ಕೂಸಾಗಿದ್ದಾಗ ಕುಟುಂಬವು ಸಮೀಪದ ಲೇವಾರ್ಡನ್ ಪಟ್ಟಣಕ್ಕೆ ಬಂದು ನೆಲೆಸಿತು. ನಾಲ್ಕನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಮಲಮಕ್ಕಳನ್ನೂ ಸ್ವಂತ ಮಕ್ಕಳನ್ನೂ ಸಲಹುವ ಭಾರ ತಾಯಿಯ ಮೇಲೆ ಬಿತ್ತು. ಆ ತಾಯಿಗೆ ಕಲೆಯಲ್ಲಿ ಒಲವಿತ್ತು. ಮಕ್ಕಳ ಶಿಕ್ಷಣದಲ್ಲಿ ಚಿತ್ರ ಬರೆಯುವುದೂ ಸೇರಿರಬೇಕೆಂದು ಆಕೆ ಪಾಠ ಹೇಳಿಸಿದರು. ಆದರೂ ಮಗ ವಕೀಲನಾಗಬೇಕೆಂಬುದು ಮನೆಯ ನಿಶ್ಚಯವಾಗಿತ್ತು. ಮಧ್ಯಮ ವರ್ಗದ ಮನೆಗಳ ಲೆಕ್ಕಾಚಾರ ಯಾವ ದೇಶದಲ್ಲಿಯೂ ಬೇರೆಯಲ್ಲ.

ಆ ನಿಶ್ಚಯವನ್ನು ಮುರಿದದ್ದು ಒಂದು ಕಾಯಿಲೆ. 1851ರಲ್ಲಿ, ಹದಿನೈದು ವರ್ಷದ ಹುಡುಗ ಓದಿನ ಒತ್ತಡದಲ್ಲಿ ದೇಹವೂ ಮನಸ್ಸೂ ಕುಸಿದು ಹಾಸಿಗೆ ಹಿಡಿದನು. ಕ್ಷಯರೋಗವೆಂದೂ ಇನ್ನು ಹೆಚ್ಚು ದಿನ ಬದುಕುವುದಿಲ್ಲವೆಂದೂ ವೈದ್ಯರು ಹೇಳಿದರು. ಸಾಯುವ ಹುಡುಗನಿಗೆ ವಕೀಲಿ ಓದು ಏಕೆ, ಉಳಿದಷ್ಟು ದಿನ ಇಷ್ಟಪಟ್ಟಂತೆ ಚಿತ್ರ ಬರೆದುಕೊಂಡಿರಲಿ ಎಂದು ಮನೆಯವರು ಬಿಟ್ಟುಬಿಟ್ಟರು. ಹುಡುಗ ಬರೆಯತೊಡಗಿದನು, ಬರೆಯುತ್ತ ಬರೆಯುತ್ತ ಗುಣಮುಖನಾದನು. ಅನಂತರ ಯಾರೂ ಅವನನ್ನು ಕಾನೂನಿನ ಕಡೆಗೆ ತಿರುಗಿಸಲಿಲ್ಲ. ಆ ವರ್ಷ ಬರೆದ ಅಕ್ಕ ಆರ್ತ್ಯೆಯ ಭಾವಚಿತ್ರವನ್ನು ಅವರು ಮುಂದೆ ತಮ್ಮ ಕೃತಿಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯಾಗಿ ನಮೂದಿಸಿದರು.

1852ರಲ್ಲಿ ಅವರು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ರಾಯಲ್ ಅಕಾಡೆಮಿಯನ್ನು ಸೇರಿದರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಲೂಯಿ ಡಿ ಟಾಯೆ ಅವರಿಂದ ಇತಿಹಾಸದ ರುಚಿ ಹತ್ತಿತು. ಚಿತ್ರದಲ್ಲಿ ಬರುವ ಉಡುಪು, ಆಯುಧ, ಪಾತ್ರೆ ಪಡಗ ಎಲ್ಲವೂ ಆಯಾ ಕಾಲಕ್ಕೆ ಒಪ್ಪುವಂತಿರಬೇಕೆಂಬ ಕಟ್ಟುನಿಟ್ಟು ಅಲ್ಲಿಯೇ ಬೆಳೆಯಿತು. ಮೊದಲು ಅವರು ಆರಿಸಿಕೊಂಡದ್ದು ರೋಮ್ ಅಲ್ಲ, ಫ್ರಾನ್ಸನ್ನು ಬಹು ಹಿಂದೆ ಆಳಿದ ಮೆರೊವಿಂಜಿಯನ್ ಅರಸರ ಕಾಲ. ಕ್ಲೋವಿಸ್ ರಾಜನ ಮಕ್ಕಳಿಗೆ ಕೊಡಲಿ ಎಸೆಯುವುದನ್ನು ಕಲಿಸುತ್ತಿರುವ ದೃಶ್ಯವುಳ್ಳ 1861ರ ಚಿತ್ರ ಅವರಿಗೆ ಮೊದಲ ಹೆಸರನ್ನು ತಂದಿತು. ಅದು ಕೊನೆಗೆ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಕೈ ಸೇರಿತು.

ಆದರೆ ಅದೇ ಚಿತ್ರದ ಬಗ್ಗೆ ಅವರ ಗುರು, ಹಿರಿಯ ಚಿತ್ರಕಾರ ಹೆಂಡ್ರಿಕ್ ಲೈಸ್, ಒಂದು ಕಟು ಮಾತನ್ನಾಡಿದರು. ನೆಲದ ಅಮೃತಶಿಲೆ ಕಲ್ಲಿನಂತಿಲ್ಲ, ಚೀಸ್ ಗಡ್ಡೆಯಂತಿದೆ ಎಂಬುದು ಅವರ ಆಕ್ಷೇಪ. ಬೇರೆ ಶಿಷ್ಯನಾಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಮರೆತುಬಿಡುತ್ತಿದ್ದನೇನೋ. ಈ ಶಿಷ್ಯರು ಮರೆಯಲಿಲ್ಲ. ಕಲ್ಲಿನ ಮೈಯೊಳಗೆ ಬೆಳಕು ಹೇಗೆ ಇಳಿಯುತ್ತದೆ, ನರಗಳಂಥ ಗೆರೆಗಳು ಹೇಗೆ ಹರಿಯುತ್ತವೆ, ಹಳೆಯ ಮೆಟ್ಟಿಲಿನ ಅಂಚು ಹೇಗೆ ಸವೆದಿರುತ್ತದೆ ಎಂಬುದನ್ನು ಅವರು ಐವತ್ತು ವರ್ಷ ಅಭ್ಯಾಸ ಮಾಡಿದರು. ಮುಂದೊಂದು ದಿನ ಲೋಕದಲ್ಲಿ ಅಮೃತಶಿಲೆಯನ್ನು ಅವರಷ್ಟು ಚೆನ್ನಾಗಿ ಬರೆಯುವವರು ಇನ್ನೊಬ್ಬರಿಲ್ಲ ಎನ್ನುವ ಮಾತು ಹುಟ್ಟಿತು. ಲಂಡನ್ನಿನ ವಿನೋದ ಪತ್ರಿಕೆ ಪಂಚ್ ಅಮೃತಶಿಲೆಯ ಆಂಗ್ಲ ಹೆಸರಿನ ಮೇಲೆ ಶ್ಲೇಷೆ ಕಟ್ಟಿ ಅವರನ್ನು ಹಾಸ್ಯ ಮಾಡಿತು.

1862ರಲ್ಲಿ ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಗ್ರೀಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ಕಂಡರು. 1863ರ ಜನವರಿಯಲ್ಲಿ ತಾಯಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪೌಲಿನ್ ಎಂಬ ಫ್ರೆಂಚ್ ಮನೆತನದ ತರುಣಿಯನ್ನು ಮದುವೆಯಾಗಿ ಇಟಲಿಗೆ ಹೊರಟರು. ಫ್ಲಾರೆನ್ಸ್, ರೋಮ್, ನೇಪಲ್ಸ್ ನೋಡಿಕೊಂಡು ಪಾಂಪೆಯಿಗೆ ಬಂದರು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಆ ಊರಿನಲ್ಲಿ ಅಡುಗೆಮನೆ, ಅಂಗಡಿ, ಗೋಡೆಯ ಬಣ್ಣ ಎಲ್ಲವೂ ಇದ್ದಂತೆಯೇ ಅಗೆದು ತೆಗೆಯಲ್ಪಡುತ್ತಿದ್ದವು. ಸಲ್ಲಸ್ಟನ ಮನೆ ಎಂದು ಕರೆಯುವ ಹಾಳುಮನೆಯಲ್ಲಿ ಆಲ್ಮಾ-ಟಾಡೆಮಾ ಅಳತೆ ತೆಗೆಯುತ್ತಿರುವ ಛಾಯಾಚಿತ್ರವೊಂದು ಉಳಿದಿದೆ. ಮದುವೆಯಾದ ಹೊಸತರಲ್ಲಿ ಹಾಳುಮನೆಗಳ ಗೋಡೆಗಳನ್ನು ಅಳೆಯುತ್ತ ನಿಂತ ಗಂಡನನ್ನು ಕಂಡು ಪೌಲಿನ್ ಏನೆಂದುಕೊಂಡರೋ ತಿಳಿಯದು. ಗಂಡನ ಮುಂದಿನ ಜೀವನದ ದಾರಿಯಂತೂ ಅಲ್ಲಿ ನಿರ್ಧಾರವಾಗಿಹೋಯಿತು. ಛಾಯಾಚಿತ್ರಗಳ ಸಂಗ್ರಹವನ್ನೂ ಅವರು ಆ ಪ್ರವಾಸದಿಂದಲೇ ಆರಂಭಿಸಿದರು. ಅದು ಬೆಳೆದು ಸುಮಾರು 5,000ಕ್ಕೆ ಮುಟ್ಟಿತು, ಇಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದೆ.

ಮರುವರ್ಷ ಅರ್ನೆಸ್ಟ್ ಗ್ಯಾಂಬಾರ್ಟ್ ಎಂಬ ಚಿತ್ರವ್ಯಾಪಾರಿಯ ಪರಿಚಯವಾಯಿತು. ಲಂಡನ್ನಿನ ಕಲಾಪೇಟೆಯನ್ನು ಅಂಗೈಯಲ್ಲಿಟ್ಟುಕೊಂಡಿದ್ದ ಗ್ಯಾಂಬಾರ್ಟ್ ಒಂದೇ ಬಾರಿಗೆ 24 ಚಿತ್ರಗಳಿಗೆ ಬೇಡಿಕೆ ಕೊಟ್ಟರು. ಅಂದಿನಿಂದ ಹಣಕಾಸಿನ ಚಿಂತೆ ದೂರವಾಯಿತು.

ದೂರವಾಗದೆ ಉಳಿದದ್ದು ಸಾವು. ಪೌಲಿನ್ ಹೆತ್ತ ಏಕೈಕ ಗಂಡುಮಗು ಕೆಲವೇ ತಿಂಗಳ ಪ್ರಾಯದಲ್ಲಿ ಸಿಡುಬಿಗೆ ಬಲಿಯಾಯಿತು. ಲಾರೆನ್ಸ್ ಮತ್ತು ಅನ್ನಾ ಎಂಬ ಇಬ್ಬರು ಹೆಣ್ಣುಮಕ್ಕಳು ಉಳಿದರು. 1869ರ ಮೇ ತಿಂಗಳಲ್ಲಿ ಬ್ರಸೆಲ್ಸ್ ನಗರದ ಮನೆಯಲ್ಲಿ ಪೌಲಿನ್ ಕೂಡ ಸಿಡುಬಿನಿಂದಲೇ ತೀರಿಕೊಂಡರು. ಆಗ ಆಕೆಗೆ ಮೂವತ್ತೆರಡು ವರ್ಷ. ಆಲ್ಮಾ-ಟಾಡೆಮಾ ಸುಮಾರು ನಾಲ್ಕು ತಿಂಗಳು ಕುಂಚ ಹಿಡಿಯಲಿಲ್ಲ. ತಂಗಿಯೋ ಅಕ್ಕನೋ ಮನೆಯಲ್ಲಿ ನಿಂತು ಮಕ್ಕಳನ್ನು ನೋಡಿಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸದಲ್ಲ, ಅಲ್ಲಿಯೂ ಅಕ್ಕ ಆರ್ತ್ಯೆ ಜೊತೆಗಿದ್ದು ಮನೆಯನ್ನು ನಡೆಸಿದರು. ಬಳಿಕ ಅವರ ಆರೋಗ್ಯವೂ ಕೆಟ್ಟಿತು. ಲಂಡನ್ನಿನ ವೈದ್ಯರಿಗೆ ತೋರಿಸುವಂತೆ ಗ್ಯಾಂಬಾರ್ಟ್ ಒತ್ತಾಯಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋದವರು ಚಿತ್ರಕಾರ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಅವರ ಮನೆಯಲ್ಲಿ ಲಾರಾ ಎಪ್ಸ್ ಎಂಬ ಹದಿನೇಳು ವರ್ಷದ ಕನ್ಯೆಯನ್ನು ಕಂಡರು.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹೊತ್ತಿಕೊಂಡಾಗ ಅವರು ಅಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಲಂಡನ್ನಿಗೇ ಬಂದು ನೆಲೆಸಿದರು. ಯುದ್ಧ ಒಂದು ನೆಪ, ಲಾರಾ ಮತ್ತೊಂದು. ಆಕೆಗೆ ಚಿತ್ರಪಾಠ ಹೇಳಿಕೊಡತೊಡಗಿದರು, ಸ್ವಲ್ಪ ದಿನಗಳಲ್ಲಿ ಮದುವೆಯ ಪ್ರಸ್ತಾಪ ಮಾಡಿದರು. ವರನಿಗೆ ಮೂವತ್ನಾಲ್ಕು, ವಿಧುರ, ಪರದೇಶದವನು, ಎರಡು ಮಕ್ಕಳ ತಂದೆ. ವಧುವಿಗೆ ಹದಿನೆಂಟು. ಹುಡುಗಿಯ ತಂದೆ ಡಾಕ್ಟರ್ ಎಪ್ಸ್ ಮೊದಲು ಒಪ್ಪಲಿಲ್ಲ. ಒಬ್ಬರನ್ನೊಬ್ಬರು ಚೆನ್ನಾಗಿ ಅರಿತುಕೊಳ್ಳುವವರೆಗೆ ಕಾಯಬೇಕೆಂದರು. 1871ರ ಜುಲೈನಲ್ಲಿ ಮದುವೆಯಾಯಿತು. ಲಾರಾ ಮಲಮಕ್ಕಳಿಗೆ ತಾಯಿಯಾದರು. ತಾವೂ ಹೆಸರಾಂತ ಚಿತ್ರಕಾರ್ತಿಯಾಗಿ ಬೆಳೆದು, ಮಕ್ಕಳು ಮತ್ತು ಮನೆಗಳ ದೃಶ್ಯಗಳನ್ನು ಹಳೆಯ ಡಚ್ ಶೈಲಿಯಲ್ಲಿ ಬರೆದು ರಾಯಲ್ ಅಕಾಡೆಮಿಯಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಪ್ರದರ್ಶಿಸಿದರು.

ಈ ಹಂತದ ಒಂದು ಚಿತ್ರದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. 1872ರಲ್ಲಿ ಬರೆದ ಇದರ ವಸ್ತು ಬೈಬಲ್ಲಿನದು, ಈಜಿಪ್ಟಿನಲ್ಲಿ ಚೊಚ್ಚಲ ಮಕ್ಕಳೆಲ್ಲ ಸತ್ತ ರಾತ್ರಿಯ ಕಥೆ. ಫೆರೋ ದೊರೆ ತನ್ನ ಸತ್ತ ಮಗನನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕುಳಿತಿದ್ದಾನೆ. ತಾಯಿ ಕೂಸಿನ ಮೇಲೆ ಕುಸಿದಿದ್ದಾಳೆ. ಅರಸನ ಬೆನ್ನು ಮಾತ್ರ ನೆಟ್ಟಗಿದೆ, ಕಣ್ಣು ಎಲ್ಲಿಯೂ ನೋಡುತ್ತಿಲ್ಲ. ದೀಪದ ಮಂದ ಬೆಳಕಿನಲ್ಲಿ ಸುತ್ತಲಿನವರು ನೆಲದ ಮೇಲೆ ಕುಳಿತಿದ್ದಾರೆ. ಹಿಂದಿನ ಕತ್ತಲೆಯಲ್ಲಿ ಮೋಸೆಸ್ ಮತ್ತು ಏರನ್ ಒಳಗೆ ಬರುತ್ತಿದ್ದಾರೆ. ಯೌವನದಲ್ಲಿಯೂ ಈ ವಸ್ತುವನ್ನು ಅವರು ಒಮ್ಮೆ ಬರೆದಿದ್ದರು, ಆದರೆ ಆಗ ಅವರು ಮಗುವನ್ನು ಕಳೆದುಕೊಂಡ ತಂದೆಯಾಗಿರಲಿಲ್ಲ. ಎರಡನೆಯ ಬಾರಿ ಬರೆದ ಈ ಚಿತ್ರವನ್ನು ಅವರು ಮಾರಲಿಲ್ಲ, ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. ಇಂದು ಅದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಆಲ್ಮಾ-ಟಾಡೆಮಾ ಎಂದರೆ ಬಿಸಿಲು, ಹೂವು, ಸೊಗಸುಗಾತಿಯರು ಅಷ್ಟೇ ಎಂದು ಹೇಳುವವರು ಈ ಚಿತ್ರವನ್ನು ನೋಡಿಲ್ಲವೆಂದೇ ನಮ್ಮ ಅನಿಸಿಕೆ.

ಇಂಗ್ಲೆಂಡಿನಲ್ಲಿ ಅವರ ಏಳಿಗೆ ಬಹು ಬೇಗ ಆಯಿತು. 1873ರಲ್ಲಿ ರಾಣಿಯ ಸನ್ನದಿನ ಮೂಲಕ ಬ್ರಿಟಿಷ್ ಪ್ರಜೆಗಳ ಹಕ್ಕುಗಳು ದೊರೆತವು. 1879ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವ ಬಂದಿತು. ಹೆಸರನ್ನೂ ಜಾಣತನದಿಂದ ತಿದ್ದಿಕೊಂಡರು. ಲೌರೆನ್ಸ್ ಆಂಗ್ಲರ ಲಾರೆನ್ಸ್ ಆಯಿತು. ನಡುವಿನ ಆಲ್ಮಾ ಮನೆತನದ ಹೆಸರಿಗೆ ಅಂಟಿಕೊಂಡಿತು. ಇದರಿಂದ ಪ್ರದರ್ಶನದ ಪಟ್ಟಿಗಳಲ್ಲಿ ಕೊನೆಯ ಕಡೆಗಿದ್ದ ಹೆಸರು ಮೊದಲ ಪುಟಕ್ಕೆ ಬಂದಿತು. ತಮ್ಮ ಚಿತ್ರಗಳಿಗೆ ಸಂಗೀತಗಾರರ ಕೃತಿಗಳಿಗಿರುವಂತೆ ರೋಮನ್ ಅಂಕಿಗಳಲ್ಲಿ ಕ್ರಮಸಂಖ್ಯೆ ಹಾಕುವ ಪದ್ಧತಿಯನ್ನೂ ಇಟ್ಟುಕೊಂಡರು. ನಕಲಿ ಚಿತ್ರ ಮಾಡುವವರಿಗೆ ಇದರಿಂದ ಕೈ ಕಟ್ಟಿದಂತಾಯಿತು. ಮೂರು ದಶಕ ಲೆಡ್ಜರುಗಳ ನಡುವೆ ಕಳೆದ ನಮಗೆ ಈ ಶಿಸ್ತು ಬಹಳ ಹಿಡಿಸಿತೆಂದು ಹೇಳಿದರೆ ಓದುಗರು ನಗಬಾರದು.

ಇನ್ನು ಅವರ ಚಿತ್ರಗಳ ಒಳಗೆ ಏನಿದೆ ಎಂಬುದನ್ನು ನೋಡೋಣ. ಪಾರ್ಥೆನಾನ್ ದೇಗುಲದ ಉಬ್ಬುಶಿಲ್ಪಗಳು ಪೂರ್ಣಗೊಂಡಾಗ ಶಿಲ್ಪಿ ಫಿಡಿಯಾಸ್ ಮಿತ್ರರನ್ನು ಕರೆದು ತೋರಿಸಿದನೆಂದು ಕಲ್ಪಿಸಿಕೊಂಡು 1868ರಲ್ಲಿ ಒಂದು ಚಿತ್ರ ಬರೆದರು. ಸಾರವೆಯ ಹಲಗೆಗಳ ಮೇಲೆ ಹತ್ತಿ ಬಂದ ಅತಿಥಿಗಳು ತಮ್ಮ ಕಣ್ಣಿನ ಮಟ್ಟದಲ್ಲಿ ಶಿಲ್ಪಗಳನ್ನು ನೋಡುತ್ತಿದ್ದಾರೆ. ಆ ಶಿಲ್ಪಗಳು ಬಿಳಿಯಾಗಿಲ್ಲ, ಬಣ್ಣ ಬಳಿದುಕೊಂಡಿವೆ. ಪ್ರಾಚೀನ ಗ್ರೀಕರು ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರೆಂಬ ವಾದ ಆಗ ವಿದ್ವಾಂಸರಲ್ಲಿ ನಡೆದಿತ್ತು. ಶುದ್ಧ ಶ್ವೇತಶಿಲೆಯ ಗ್ರೀಸನ್ನು ಆರಾಧಿಸುತ್ತಿದ್ದ ಜನರ ನಡುವೆ ಆ ಪಕ್ಷವನ್ನು ಹಿಡಿಯುವುದಕ್ಕೆ ಧೈರ್ಯ ಬೇಕಾಗಿತ್ತು. ಶಿಲ್ಪಗಳಿಗೆ ಬಣ್ಣವಿತ್ತೆಂಬುದು ಇಂದು ಎಲ್ಲರೂ ಒಪ್ಪಿದ ಮಾತು.

1875ರಲ್ಲಿ ಬರೆದ ಅಗ್ರಿಪ್ಪನ ದರ್ಶನದ ಚಿತ್ರ ಇನ್ನೊಂದು ಬಗೆಯದು. ಅಗಸ್ಟಸ್ ಚಕ್ರವರ್ತಿಯ ಬಲಗೈಯಾದ ಅಗ್ರಿಪ್ಪ ಅಮೃತಶಿಲೆಯ ಮೆಟ್ಟಿಲಿಳಿದು ಬರುತ್ತಿದ್ದಾನೆ. ಅವನ ಹಿಂದೆ ಪರಿವಾರ. ಕೆಳಗೆ ಅರ್ಜಿ ಹಿಡಿದು ಬಂದವರು ಕಾದು ನಿಂತಿದ್ದಾರೆ. ಪಕ್ಕದಲ್ಲಿ ಅಗಸ್ಟಸನ ಪ್ರತಿಮೆ. ಆ ಪ್ರತಿಮೆಯ ಮಾದರಿ ರೋಮಿನ ಹೊರಗೆ ನೆಲದಿಂದ ಮೇಲೆದ್ದದ್ದು 1863ರಲ್ಲಿ, ಅಂದರೆ ಆಲ್ಮಾ-ಟಾಡೆಮಾ ಇಟಲಿಗೆ ಮೊದಲ ಬಾರಿ ಹೋದ ವರ್ಷವೇ. ಇಡೀ ಚಿತ್ರದಲ್ಲಿ ಯುದ್ಧವಿಲ್ಲ, ಕೊಲೆಯಿಲ್ಲ. ದೊಡ್ಡ ಮನುಷ್ಯನ ಕಣ್ಣಿಗೆ ಬೀಳಲು ಸಣ್ಣ ಮನುಷ್ಯರು ಕಾಯುವ ಕ್ಷಣವಷ್ಟೇ ಇದೆ. ಯಾವುದಾದರೂ ಕಚೇರಿಯ ಪಡಸಾಲೆಯಲ್ಲಿ ಕಾದು ಕುಳಿತವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

1885ರ ಹೋಮರನ ಪಠಣ ಎಂಬ ಚಿತ್ರದಲ್ಲಿ ಎಲೆಯ ಮಾಲೆ ತೊಟ್ಟ ತರುಣನೊಬ್ಬ ಸುರುಳಿಯನ್ನು ಬಿಚ್ಚಿ ಓದುತ್ತಿದ್ದಾನೆ. ಕೇಳುವವರು ಅಮೃತಶಿಲೆಯ ಆಸನದ ಮೇಲೆ, ನೆಲದ ಮೇಲೆ, ತಮಗೆ ಸೇರಿದಂತೆ ಒರಗಿದ್ದಾರೆ. ಒಬ್ಬ ಬೋರಲು ಮಲಗಿಯೇ ಕೇಳುತ್ತಿದ್ದಾನೆ. ಎಂಟು ತಿಂಗಳು ದುಡಿದ ಬೇರೊಂದು ಚಿತ್ರವನ್ನು ಕೈಬಿಟ್ಟು ಎರಡೇ ತಿಂಗಳಲ್ಲಿ ಇದನ್ನು ಮುಗಿಸಿದರಂತೆ. ಇದನ್ನು ಕಂಡಾಗಲೆಲ್ಲ ನಮಗೆ ಬಾಲ್ಯದಲ್ಲಿ ಊರಿನ ಗುಡಿಯಲ್ಲಿ ಕೇಳಿದ ಭಾರತವಾಚನ ನೆನಪಾಗುತ್ತದೆ. ಅಲ್ಲಿಯೂ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳುವವರು ಇರುತ್ತಿದ್ದರು.

ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಚಿತ್ರ 1887ರ ಆಂಫಿಸ್ಸಾದ ಸ್ತ್ರೀಯರು. ಕಥೆ ಪ್ಲೂಟಾರ್ಕನದು. ದೇವತೆಯ ಆವೇಶದಲ್ಲಿ ರಾತ್ರಿಯೆಲ್ಲ ಬೆಟ್ಟಗಾಡಿನಲ್ಲಿ ಕುಣಿದಾಡಿದ ಹೆಂಗಸರು ದಾರಿ ತಪ್ಪಿ ಶತ್ರುಗಳ ಊರಾದ ಆಂಫಿಸ್ಸಾಕ್ಕೆ ಬಂದು, ಅಲ್ಲಿಯ ಸಂತೆಬೀದಿಯಲ್ಲಿ ಸುಸ್ತಾಗಿ ಮಲಗಿಬಿಡುತ್ತಾರೆ. ಊರಿನ ತುಂಬ ಸೈನಿಕರು. ಆಗ ಆ ಊರಿನ ಗೃಹಿಣಿಯರು ಓಡಿಬಂದು ಮಲಗಿದವರ ಸುತ್ತ ಮೌನವಾಗಿ ಕಾವಲು ನಿಲ್ಲುತ್ತಾರೆ. ಎದ್ದ ಮೇಲೆ ಊಟ ಕೊಟ್ಟು, ಊರ ಗಡಿಯವರೆಗೆ ಜೊತೆಗೆ ನಡೆದು ಬೀಳ್ಕೊಡುತ್ತಾರೆ. ಚಿತ್ರದಲ್ಲಿರುವುದು ಬೆಳಗಿನ ಹೊತ್ತು. ಬಿಳಿಯುಡುಗೆಯ ಅಪರಿಚಿತೆಯರು ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಂಡು ಏಳುತ್ತಿದ್ದಾರೆ. ಹಿಂದೆ ಅಂಗಡಿಗಳಲ್ಲಿ ಹಣ್ಣು ತರಕಾರಿಗಳಿವೆ. ಊರಿನ ಹೆಂಗಸರು ನಿಂತಿದ್ದಾರೆ, ಕೆಲವರು ಆಗಲೇ ತಿನಿಸು ತಂದಿದ್ದಾರೆ. ಶತ್ರುವೆಂಬ ಮಾತು ಆ ಬೀದಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಈ ಚಿತ್ರಕ್ಕೆ ಪದಕ ಬಂದಿತು. ಈಗ ಇದು ಅಮೆರಿಕದ ಕ್ಲಾರ್ಕ್ ಕಲಾಸಂಸ್ಥೆಯಲ್ಲಿದೆ.

ಜನರ ಬಾಯಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಇನ್ನೊಂದು. ಬಾಲಚಕ್ರವರ್ತಿ ಹೆಲಿಯೊಗ್ಯಾಬಲಸ್ ಔತಣಕ್ಕೆ ಬಂದವರ ಮೇಲೆ ಛಾವಣಿಯಿಂದ ಹೂಮಳೆ ಸುರಿಸಿ ಉಸಿರುಕಟ್ಟಿಸಿ ಕೊಂದನೆಂಬ ಕಥೆಯನ್ನು 1888ರಲ್ಲಿ ಚಿತ್ರಿಸಿದರು. ಹಳೆಯ ಲ್ಯಾಟಿನ್ ಗ್ರಂಥದಲ್ಲಿರುವ ಹೂವು ಗುಲಾಬಿಯಲ್ಲ, ಗುಲಾಬಿ ಅವರದೇ ಆಯ್ಕೆ. ಬರೆಯುತ್ತಿದ್ದದ್ದು ಚಳಿಗಾಲದಲ್ಲಿ. ಲಂಡನ್ನಿನಲ್ಲಿ ಗುಲಾಬಿ ಎಲ್ಲಿಂದ ಬರಬೇಕು? ನಾಲ್ಕು ತಿಂಗಳು ಪ್ರತಿ ವಾರವೂ ಫ್ರಾನ್ಸಿನ ದಕ್ಷಿಣ ಕರಾವಳಿಯಿಂದ ತಾಜಾ ಹೂಗಳನ್ನು ತರಿಸಿಕೊಂಡರು. ಚಿತ್ರವನ್ನು ಬರೆಯಿಸಿದ ಸರ್ ಜಾನ್ ಏರ್ಡ್ ಕೊಟ್ಟ ಬೆಲೆ 4,000 ಪೌಂಡ್. ಪಕಳೆ ಪಕಳೆಯೂ ಅದ್ಭುತವಾಗಿದೆ ನಿಜ, ಆದರೆ ಸಾಯುತ್ತಿರುವವರ ಮುಖದಲ್ಲಿ ಸಾವಿನ ಭಯವಿಲ್ಲ. ಫೆರೋನ ಚಿತ್ರವನ್ನು ಬರೆದ ಕೈಯೇ ಇದನ್ನು ಬರೆದದ್ದು ಎಂಬುದು ನಮಗೆ ಸ್ವಲ್ಪ ಬೇಸರವನ್ನೇ ತರುತ್ತದೆ.

ಅವರ ಮನೆಗಳೂ ಚಿತ್ರಗಳಷ್ಟೇ ಹೆಸರಾದವು. ಮೊದಲ ಮನೆ ರೀಜೆಂಟ್ಸ್ ಪಾರ್ಕಿನ ಬಳಿ ಇದ್ದ ಟೌನ್ಸೆಂಡ್ ಹೌಸ್. 1874ರ ಅಕ್ಟೋಬರ್ 2ರ ನಸುಕಿನಲ್ಲಿ ಸಮೀಪದ ಕಾಲುವೆಯಲ್ಲಿ ಸಿಡಿಮದ್ದು ಹೇರಿಕೊಂಡು ಹೋಗುತ್ತಿದ್ದ ಸರಕು ದೋಣಿ ಸ್ಫೋಟಗೊಂಡು, ದೋಣಿಯ ಮೂವರು ಸತ್ತು, ಈ ಮನೆಯೂ ಬಹಳಷ್ಟು ಜಖಂಗೊಂಡಿತು. ಅದನ್ನು ಮತ್ತೆ ಕಟ್ಟಿಸಿದರು. ಕಿರಿಯ ಮಗಳು ಅನ್ನಾ ಹದಿಹರೆಯದಲ್ಲಿಯೇ ಆ ಮನೆಯ ಕೋಣೆಗಳನ್ನು ಜಲವರ್ಣದಲ್ಲಿ ಬರೆದಿಟ್ಟದ್ದರಿಂದ ಅದರ ಅಂದ ನಮಗಿಂದು ತಿಳಿದಿದೆ. ಬಳಿಕ ಸೇಂಟ್ ಜಾನ್ಸ್ ವುಡ್ ಬಡಾವಣೆಯ ಗ್ರೋವ್ ಎಂಡ್ ರಸ್ತೆಯಲ್ಲಿ, ಚಿತ್ರಕಾರ ಟಿಸ್ಸೊ ಇದ್ದ ಮನೆಯನ್ನು ಕೊಂಡು ವಿಸ್ತರಿಸಿ 1886ರಲ್ಲಿ ವಾಸಕ್ಕೆ ಹೋದರು. ಚಿತ್ರಶಾಲೆಯ ಗುಮ್ಮಟದ ಒಳಮೈಗೆ ಅಲ್ಯೂಮಿನಿಯಂ ಹೊದಿಸಿದ್ದರಿಂದ ಅಲ್ಲಿ ಬೆಳ್ಳಿಯಂಥ ಬೆಳಕು ಹರಡುತ್ತಿತ್ತು. ಆ ಮನೆಗೆ ಬಂದ ಮೇಲೆ ಅವರ ಚಿತ್ರಗಳ ಬಣ್ಣ ತಿಳಿಯಾಯಿತೆಂದು ಬಲ್ಲವರು ಹೇಳುತ್ತಾರೆ. ಹಜಾರದ ಗೋಡೆಯಲ್ಲಿ ಮಿತ್ರ ಚಿತ್ರಕಾರರು ಒಬ್ಬೊಬ್ಬರೂ ಬರೆದುಕೊಟ್ಟ ಉದ್ದನೆಯ ಫಲಕಗಳಿದ್ದವು. ರಾಯಲ್ ಅಕಾಡೆಮಿಯ ಅಧ್ಯಕ್ಷ ಲೇಟನ್ ಅವರದೂ ಒಂದಿತ್ತು.

ಮನುಷ್ಯ ಸ್ವಭಾವದಲ್ಲಿ ಅವರು ಗಂಭೀರ ಪಂಡಿತರಾಗಿರಲಿಲ್ಲ. ಡಚ್ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಹಾಸ್ಯ ಹೇಳಿ ಎಲ್ಲರಿಗಿಂತ ಮೊದಲು ತಾವೇ ನಗುವವರು, ಕೀಲಿ ಕೊಟ್ಟರೆ ಓಡುವ ಆಟಿಕೆಗಳನ್ನು ಪ್ರೀತಿಸುವವರು. ಕೆಲಸದಲ್ಲಿ ಮಾತ್ರ ತಮ್ಮನ್ನು ತಾವೇ ಕ್ಷಮಿಸುತ್ತಿರಲಿಲ್ಲ. ತೃಪ್ತಿಯಾಗದ ಒಂದು ಕ್ಯಾನ್ವಾಸನ್ನು ಮನೆಗೆಲಸದವಳಿಗೆ ಕೊಟ್ಟುಬಿಟ್ಟರೆಂದೂ ಆಕೆ ಅದನ್ನು ಮೇಜಿಗೆ ಹೊದಿಸಿಕೊಂಡಳೆಂದೂ ಕಥೆಯಿದೆ.

ಟೀಕೆ ಅವರ ಕಾಲದಲ್ಲಿಯೂ ಇತ್ತು. ವಿಮರ್ಶಕ ಜಾನ್ ರಸ್ಕಿನ್ 1883ರ ಆಕ್ಸ್‌ಫರ್ಡ್ ಉಪನ್ಯಾಸಗಳಲ್ಲಿ, ಈ ಚಿತ್ರಗಳಲ್ಲಿ ಯಾವಾಗಲೂ ಮುಸ್ಸಂಜೆಯ ಮಬ್ಬು ಕವಿದಿರುತ್ತದೆಂದು ದೂರಿದರು. ರೋಮನ್ ವೇಷದಲ್ಲಿರುವವರು ನಿಜದಲ್ಲಿ ಲಂಡನ್ನಿನ ಸಿರಿವಂತ ಮನೆಯವರೇ ಎಂಬ ಮಾತೂ ಇತ್ತು. ಅದರಲ್ಲಿ ಹುರುಳಿಲ್ಲದೆ ಇಲ್ಲ. ರೋಮಿನ ಸಿರಿ ನಿಂತಿದ್ದದ್ದು ಗುಲಾಮರ ದುಡಿಮೆಯ ಮೇಲೆ. ಇವರ ಚಿತ್ರಗಳಲ್ಲಿ ಗುಲಾಮರು ಕಾಣಿಸುತ್ತಾರೆ, ಅವರ ಕಷ್ಟ ಕಾಣಿಸುವುದಿಲ್ಲ. ಬಿಸಿಲಿನಲ್ಲಿ ಕುಳಿತವರನ್ನು ಬರೆದ ಈ ಕಲಾವಿದರು ಆ ಕಲ್ಲನ್ನು ಹೊತ್ತವರನ್ನು ಬರೆಯಲಿಲ್ಲ ಎಂಬ ಕೊರತೆಯನ್ನು ಅಭಿಮಾನಿಗಳಾದ ನಾವೂ ಒಪ್ಪಬೇಕು.

ಮನ್ನಣೆಗಳು ಸಾಲಾಗಿ ಬಂದವು. 1899ರಲ್ಲಿ ಸರ್ ಪದವಿ, 1905ರಲ್ಲಿ ಆರ್ಡರ್ ಆಫ್ ಮೆರಿಟ್, ಮರುವರ್ಷ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ. ಹೆನ್ರಿ ಇರ್ವಿಂಗ್ ಮತ್ತು ಬೀರ್ಬೋಮ್ ಟ್ರೀ ಅವರ ನಾಟಕಗಳಿಗೆ ರಂಗಸಜ್ಜಿಕೆಯನ್ನೂ ರೂಪಿಸಿದರು. 1902ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ಆಸ್ವಾನ್ ಅಣೆಕಟ್ಟಿನ ಉದ್ಘಾಟನೆಗೆ ಈಜಿಪ್ಟಿಗೆ ಹೋಗಿಬಂದರು. ಅಣೆಕಟ್ಟನ್ನು ಕಟ್ಟಿದ್ದು ಗುಲಾಬಿಗಳ ಚಿತ್ರ ಕೊಂಡ ಅದೇ ಏರ್ಡ್ ಅವರ ಕಂಪನಿ. ಅವರಿಗಾಗಿಯೇ ನದಿಯಲ್ಲಿ ಶಿಶು ಮೋಸೆಸ್ ದೊರೆತ ದೃಶ್ಯವನ್ನು ಬರೆಯಲು ಕುಳಿತರು. ಅದು ಮುಗಿಯಲು ಎರಡು ವರ್ಷ ಹಿಡಿಯಿತು. ಬುಟ್ಟಿಯ ಮಗುವಿಗೆ ಈಗ ಎರಡು ವರ್ಷವಾಗಿದೆ, ಇನ್ನು ಅದನ್ನು ಹೊತ್ತು ತಿರುಗಬೇಕಾಗಿಲ್ಲ ಎಂದು ಲಾರಾ ಗಂಡನನ್ನು ಛೇಡಿಸಿದರಂತೆ. 1904ರಲ್ಲಿ ಏರ್ಡ್ ಇದಕ್ಕೆ 5,250 ಪೌಂಡ್ ಕೊಟ್ಟರು.

1909ರ ಆಗಸ್ಟ್‌ನಲ್ಲಿ ಲಾರಾ ತೀರಿಕೊಂಡರು. ಮೂವತ್ತೆಂಟು ವರ್ಷಗಳ ಸಂಗಾತಿಯನ್ನು ಕಳೆದುಕೊಂಡ ಆಲ್ಮಾ-ಟಾಡೆಮಾ ಮತ್ತೆ ಚೇತರಿಸಿಕೊಳ್ಳಲಿಲ್ಲ. ಆದರೂ ಬರೆಯುವುದನ್ನು ಬಿಡಲಿಲ್ಲ. ಕೊನೆಯ ಚಿತ್ರ 1912ರದು, ಕ್ರಮಸಂಖ್ಯೆ 408. ಅದೇ ವರ್ಷ ಹೊಟ್ಟೆಯ ಹುಣ್ಣಿನ ಚಿಕಿತ್ಸೆಗೆಂದು ಜರ್ಮನಿಯ ವೀಸ್ಬಾಡೆನ್‌ಗೆ ಹೋದವರು ಜೂನ್ ತಿಂಗಳಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ವಯಸ್ಸು 76. ಲಂಡನ್ನಿನ ಸೇಂಟ್ ಪಾಲ್ಸ್ ಮಹಾಮಂದಿರದ ನೆಲಮಾಳಿಗೆಯಲ್ಲಿ ಸಮಾಧಿ ಮಾಡಲಾಯಿತು.

ಗೌರವದ ಸಮಾಧಿ ದೊರೆತ ಕೆಲವೇ ತಿಂಗಳಲ್ಲಿ ಹೆಸರಿನ ಸಮಾಧಿಯೂ ಆಯಿತು. 1913ರಲ್ಲಿ ರಾಯಲ್ ಅಕಾಡೆಮಿ ಏರ್ಪಡಿಸಿದ ಸ್ಮಾರಕ ಪ್ರದರ್ಶನಕ್ಕೆ ಹಿಂದಿನ ಉತ್ಸಾಹ ಕಾಣಲಿಲ್ಲ. ಹೊಸ ಕಲೆಯ ವಕ್ತಾರ ರೋಜರ್ ಫ್ರೈ, ಈ ಚಿತ್ರಗಳಲ್ಲಿ ಪೀಠೋಪಕರಣವೂ ಬಟ್ಟೆಯೂ ರೋಮನ್ನರೂ ಸುವಾಸನೆಯ ಸಾಬೂನಿನಿಂದ ಮಾಡಿದಂತಿದ್ದಾರೆಂದು ಗೇಲಿ ಮಾಡಿದರು. ಚೀಸಿನಿಂದ ಆರಂಭವಾದ ಟೀಕೆ ಸಾಬೂನಿಗೆ ಬಂದು ಮುಟ್ಟಿತು. ಪಿಕಾಸೋ, ಮಾತೀಸ್ ಅವರ ಯುಗ ಬಂದಿತ್ತು. ಮಹಾಯುದ್ಧವನ್ನು ಕಂಡ ತಲೆಮಾರಿಗೆ ಅಮೃತಶಿಲೆಯ ಮೇಲಿನ ಆ ಸಾವಧಾನ ಸಹ್ಯವಾಗಲಿಲ್ಲ.

ಮೋಸೆಸ್ ಚಿತ್ರದ ಲೆಕ್ಕವನ್ನೇ ನೋಡಿ. 5,250 ಪೌಂಡಿನ ಈ ಚಿತ್ರ 1935ರಲ್ಲಿ 861 ಪೌಂಡಿಗೆ, 1942ರಲ್ಲಿ 265 ಪೌಂಡಿಗೆ ಹೋಯಿತು. 1960ರ ಹರಾಜಿನಲ್ಲಿ 252 ಪೌಂಡಿನವರೆಗೆ ಮಾತ್ರ ಕೂಗು ಏರಿ, ನಿಗದಿಯಾದ ಕನಿಷ್ಠ ಬೆಲೆಯೂ ಸಿಗದೆ ಹಿಂದಿರುಗಿತು. ಅಡಮಾನಕ್ಕೆ ಬಂದ ಆಸ್ತಿಯಾಗಿದ್ದರೆ ಯಾವ ಬ್ಯಾಂಕಿನ ವ್ಯವಸ್ಥಾಪಕನೂ ಇದರ ಮೇಲೆ ಸಾಲ ಕೊಡುತ್ತಿರಲಿಲ್ಲ. ಅದೇ ಚಿತ್ರ 1995ರಲ್ಲಿ ನ್ಯೂಯಾರ್ಕಿನಲ್ಲಿ 17.5 ಲಕ್ಷ ಪೌಂಡಿಗೆ ಮಾರಾಟವಾಯಿತು. 2010ರ ನವೆಂಬರ್ 4ರಂದು ಅದರ ಬೆಲೆ 3,59,22,500 ಡಾಲರ್. ಈ ನೂರು ವರ್ಷಗಳಲ್ಲಿ ಚಿತ್ರದ ಒಂದು ಗೆರೆಯೂ ಬದಲಾಗಿರಲಿಲ್ಲ.

ನಡುವಿನ ಬರಗಾಲದಲ್ಲಿ ಇವರ ಕೈಹಿಡಿದವರು ಅಮೆರಿಕದ ಟೆಲಿವಿಷನ್ ಕಾರ್ಯಕ್ರಮ ನಿರ್ಮಾಪಕ ಅಲೆನ್ ಫಂಟ್. ಯಾರಿಗೂ ಬೇಡವಾಗಿದ್ದಾಗ 35 ಚಿತ್ರಗಳನ್ನು ಕೂಡಿಟ್ಟರು. ಅವರ ಲೆಕ್ಕಿಗನೇ ಅವರ ಹಣವನ್ನು ದೋಚಿದ್ದರಿಂದ 1973ರಲ್ಲಿ ಲಂಡನ್ನಿನಲ್ಲಿ ಎಲ್ಲವನ್ನೂ ಹರಾಜು ಹಾಕಬೇಕಾಯಿತು. ಲೆಕ್ಕ ಬರೆಯುವ ನಮ್ಮ ವೃತ್ತಿಗೆ ಇದು ಶೋಭೆ ತರುವ ಸಂಗತಿಯಲ್ಲ. ಆದರೆ ಆ ಮಾರಾಟದಿಂದಲೇ ಲೋಕದ ಕಣ್ಣು ಮತ್ತೆ ಈ ಚಿತ್ರಗಳ ಮೇಲೆ ಬಿದ್ದಿತು.

ವಿಮರ್ಶಕರು ತಿರಸ್ಕರಿಸಿದ ಕಾಲದಲ್ಲಿಯೂ ಚಲನಚಿತ್ರದವರು ಅವರನ್ನು ಬಿಟ್ಟಿರಲಿಲ್ಲ. 1916ರ ಇನ್‌ಟಾಲರೆನ್ಸ್, 1934ರ ಕ್ಲಿಯೋಪಾತ್ರಾ, 1956ರ ಟೆನ್ ಕಮಾಂಡ್‌ಮೆಂಟ್ಸ್, 2000ದ ಗ್ಲಾಡಿಯೇಟರ್ ಇವುಗಳ ಅರಮನೆ, ಅಂಗಳ, ಉಡುಪುಗಳ ಹಿಂದೆ ಈ ಚಿತ್ರಗಳ ನೆರಳಿದೆ. ನಮ್ಮ ಓದುಗರಲ್ಲಿ ಹಲವರು ಟೆನ್ ಕಮಾಂಡ್‌ಮೆಂಟ್ಸ್ ಚಿತ್ರವನ್ನು ನಗರದ ಹಳೆಯ ಚಿತ್ರಮಂದಿರಗಳಲ್ಲಿ ಕುಟುಂಬಸಮೇತ ನೋಡಿದವರೇ ಇರಬಹುದು. ಅಂದು ಅವರು ಆಲ್ಮಾ-ಟಾಡೆಮಾ ಅವರನ್ನು ಹೆಸರರಿಯದೆಯೇ ಕಂಡಿದ್ದರು.

2016ರ ಅಕ್ಟೋಬರ್‌ನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನವೊಂದು ತೆರೆಯಿತು. ಚಿತ್ರಗಳ ಜೊತೆಯಲ್ಲಿಯೇ ಆ ಚಲನಚಿತ್ರಗಳ ತುಣುಕುಗಳನ್ನೂ ತೋರಿಸಲಾಯಿತು. ಪ್ರದರ್ಶನ ಅನಂತರ ವಿಯೆನ್ನಾಕ್ಕೆ ಹೋಗಿ, 2017ರಲ್ಲಿ ಲಂಡನ್ನಿನಲ್ಲಿ ಮಿತ್ರ ಲೇಟನ್ ಅವರ ಮನೆಯಾಗಿದ್ದ ಸಂಗ್ರಹಾಲಯಕ್ಕೆ ಬಂದಿತು. ಮೊದಲು ಅದು ತೆರೆದದ್ದು ಮಾತ್ರ ಲೇವಾರ್ಡನ್ನಿನಲ್ಲಿ, ಹದಿನೈದು ವರ್ಷದ ಹುಡುಗನೊಬ್ಬನಿಗೆ ಇನ್ನು ಹೆಚ್ಚು ದಿನಗಳಿಲ್ಲ ಎಂದು ವೈದ್ಯರು ಹೇಳಿದ ಊರಿನಲ್ಲಿ.